ಅರ್ಧ ಪೊಟ್ಟಣ ಚಹಾ
ಮಕ್ಕಳಿಗೆ ಹುಟ್ಟುಹಬ್ಬದ ಉಡುಗೊರೆಯೆಂದು ನೆರೆಮನೆಗಳ ಬಾಗಿಲು ತಟ್ಟಿ ಕಲ್ಲಿದ್ದಲಿನ ತುಂಡುಗಳನ್ನು ಹಂಚಿದ ತಾಯಿ ಹ್ಯಾನಾಳನ್ನು, ಅಣ್ಣನು ಸಮುದ್ರಯಾನದಲ್ಲಿದ್ದ ಕಾರಣ, 14 ವರ್ಷದ ಬಾಲಕ ಚಾರ್ಲಿ ಚಾಪ್ಲಿನ್ 1903ರಲ್ಲಿ ತಾನೊಬ್ಬನೇ ಕೈಹಿಡಿದು ಲಂಡನ್ನಿನ ಲ್ಯಾಂಬೆತ್ ಬೀದಿಗಳಲ್ಲಿ ಆಸ್ಪತ್ರೆಗೆ ನಡೆಸಿಕೊಂಡು ಹೋದನೆಂಬ ವೃತ್ತಾಂತವನ್ನು ಅವನ ಆತ್ಮಕಥೆಯಲ್ಲಿ ಓದಿದಂದಿನಿಂದ, ಆ ಮಹಾವಿದೂಷಕನ ತಡವರಿಸುವ ನಡಿಗೆಗೆ ನಾನು ಮೊದಲಿನಂತೆ ನಗಲಾರೆನು. ಉನ್ಮಾದಕ್ಕೆ ಹಸಿವೂ ಜೊತೆಗೂಡಿದೆಯೆಂದು ವೈದ್ಯರು ಕಂಡುಕೊಂಡರು. ಬಾಲಕನಿಗೆ ಅದೇನೂ ಹೊಸ ಸುದ್ದಿಯಲ್ಲ. ಮುಂದೆ ಕೇನ್ ಹಿಲ್ ಹುಚ್ಚಾಸ್ಪತ್ರೆಗೆ ಮಕ್ಕಳು ನೋಡಲು ಹೋದಾಗ ಆಕೆ, ಅಂದು ಮಧ್ಯಾಹ್ನ ಒಂದು ಬಟ್ಟಲು ಚಹಾ ಕೊಟ್ಟಿದ್ದರೆ ತನಗೇನೂ ಆಗುತ್ತಿರಲಿಲ್ಲವೆಂದಳಂತೆ. ರೋಗಿಯ ಮಾತೆಂದು ನಾವು ತಳ್ಳಿಹಾಕಬಹುದು, ಮಗನಿಂದ ಅದಾಗಲಿಲ್ಲ. ತಾಯಿಯನ್ನು ಬಿಟ್ಟು ಬರಿದಾದ ಕೋಣೆಗೆ ಅವನೊಬ್ಬನೇ ಮರಳಿದ ದಿನ ಬೀರುವಿನಲ್ಲಿ ಉಳಿದಿದ್ದುದು ಅರ್ಧ ಪೊಟ್ಟಣ ಚಹಾಪುಡಿ ಮಾತ್ರ.