ಕಾರ್ಡ್‌ಲೆಸ್ ದೂರವಾಣಿಯಲ್ಲಿ ಉಳಿದುಹೋದ ಖಾತೆಗಳು

ಅರಸೀಕೆರೆಯ ಕೊಬ್ಬರಿ ವರ್ತಕರಲ್ಲೂ ಬೇಲೂರು, ಹಳೇಬೀಡಿನ ಅಂಗಡಿಕಾರರಲ್ಲೂ ಮನೆಯ ಕಾರ್ಡ್‌ಲೆಸ್ ದೂರವಾಣಿಯಿಂದಲೇ ವ್ಯವಹರಿಸುವವರು ಇನ್ನೂ ಕೆಲವರಿದ್ದಾರೆ. ಅದರಲ್ಲಿ ಹಿಂದೆಂದೋ ಉಳಿಸಿಟ್ಟ ಗಿರಾಕಿಗಳ ಮೊಬೈಲ್ ಸಂಖ್ಯೆಗಳನ್ನು ಒಮ್ಮೆ ಪರಿಶೀಲಿಸುವುದು ಅಗತ್ಯ. 2021ರ ಜನವರಿ 15ರಿಂದ ಸ್ಥಿರ ದೂರವಾಣಿಯಿಂದ ಮೊಬೈಲಿಗೆ ಕರೆ ಮಾಡಲು ಮೊದಲು ಸೊನ್ನೆ ಒತ್ತುವುದು ಕಡ್ಡಾಯವಾಗಿದೆ. ಬೆರಳಿನಿಂದ ಒತ್ತುವವರು ಇದನ್ನು ಬೇಗ ರೂಢಿಸಿಕೊಂಡರು. ಯಂತ್ರವಾದರೋ ಅಂದು ಹೇಳಿಕೊಟ್ಟ 10 ಅಂಕಿಗಳನ್ನೇ ಇಂದಿಗೂ ಒತ್ತುತ್ತದೆ. ಅರಸೀಕೆರೆಯವರು ಬೇಲೂರಿನ ಸ್ಥಿರ ದೂರವಾಣಿ ಸಂಖ್ಯೆಗಳನ್ನು 08177 ಸಹಿತವಾಗಿ, ಬೇಲೂರಿನವರು ಅರಸೀಕೆರೆಯವನ್ನು 08174 ಸಹಿತವಾಗಿ ಉಳಿಸತಕ್ಕದ್ದು.

ನನ್ನ ಆತಂಕ ಇದಕ್ಕಿಂತ ದೊಡ್ಡದು. ಬಾಕಿಯ ಮೊತ್ತ ಲೆಡ್ಜರಿನಲ್ಲಿದ್ದು, ಬಾಕಿದಾರನ ಸಂಖ್ಯೆ ಹ್ಯಾಂಡ್‌ಸೆಟ್ಟಿನಲ್ಲಿ ಮಾತ್ರ ಇದ್ದರೆ ಆ ಲೆಕ್ಕ ಅಪೂರ್ಣವೆಂದೇ ನನ್ನ ಅಭಿಪ್ರಾಯ. ಹ್ಯಾಂಡ್‌ಸೆಟ್ ಕೆಟ್ಟರೆ ಸಂಖ್ಯೆಯೂ ಹೋದಂತೆ. ಯಜಮಾನರು ತೀರಿಕೊಂಡ ಮನೆಯಲ್ಲಿ, ‘ಮಂಡಿ 3’ ಎಂಬ ಹೆಸರಿನ ಹಿಂದೆ ಯಾರಿದ್ದಾರೆ, ಅವರಿಂದ ಬರಬೇಕಾದುದೆಷ್ಟು ಎಂದು ಮಕ್ಕಳಿಗೆ ಹೇಳುವವರಾರು? (ಸಾಲಗಾರರಂತೂ ತಾವಾಗಿ ಕರೆ ಮಾಡುವುದಿಲ್ಲ!) ಹೆಸರು, ಊರು, ಪೂರ್ಣ ಸಂಖ್ಯೆಗಳನ್ನು ಆಯಾ ಖಾತೆಯ ಪುಟದ ಮೇಲ್ಭಾಗದಲ್ಲೇ ಬರೆದಿಡಬೇಕು. ಮಾರ್ಚ್ 31ರ ಬಾಕಿ ದೃಢೀಕರಣಕ್ಕಾಗಿ ಕರೆ ಮಾಡುವಾಗ ಒಂದೊಂದೇ ಸಂಖ್ಯೆಯನ್ನು ತಿದ್ದುತ್ತ ಹೋದರೆ ಪ್ರತ್ಯೇಕ ಸಮಯವೂ ಬೇಕಾಗದು.