ಸ್ಕಾಲರ್‌ಗೂ ಒಂದು ಕುರ್ಚಿ

ಕುದುರೆಮುಖದಲ್ಲಿ ಸಿಕ್ಕ, ಮೈಯೆಲ್ಲ ಸುಕ್ಕುಸುಕ್ಕಾದ ದೊಡ್ಡ ಕಪ್ಪೆಯೊಂದರ ಬಗ್ಗೆ 2001ರಲ್ಲಿ 'ಕರೆಂಟ್ ಸೈನ್ಸ್'ನಲ್ಲಿ ಒಂದು ಪೇಪರ್ ಬಂತು. ಬರೆದವರು ಮೂವರು: ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಎಸ್.ವಿ. ಕೃಷ್ಣಮೂರ್ತಿ, ಎ.ಎಚ್. ಮಂಜುನಾಥ ರೆಡ್ಡಿ ಮತ್ತು ಅಲ್ಲೇ ಪಿಎಚ್.ಡಿ. ಮಾಡಿದ ಕೆ.ವಿ. ಗುರುರಾಜ. ನಾಮಕರಣದ ಅಂತಾರಾಷ್ಟ್ರೀಯ ನಿಯಮಕ್ಕೆ ಹೊಂದದ್ದರಿಂದ ಆಗ ಇಟ್ಟ ಹೆಸರು ನಿಲ್ಲಲಿಲ್ಲ. 2007ರಲ್ಲಿ ಅದು 'ನಿಕ್ಟಿಬಟ್ರಾಕಸ್ ಕರ್ನಾಟಕಎನ್ಸಿಸ್' ಆಯಿತು. ಹೊಸ ಹೆಸರಿಟ್ಟವರಲ್ಲೂ ರೆಡ್ಡಿ, ಗುರುರಾಜ ಇದ್ದರು. ಪ್ರಾಣಿಶಾಸ್ತ್ರದಲ್ಲಿ ಈ ಒಂದು ಅನುಕೂಲವಿದೆ: ಜೀವಿಯ ಹೆಸರಿನ ಪಕ್ಕದಲ್ಲೇ ಹೆಸರಿಟ್ಟವರೂ ಉಳಿಯುತ್ತಾರೆ, ಹಿರಿಯರಿರಲಿ ಕಿರಿಯರಿರಲಿ.

ಬೇರೆ ಕಡೆ ಈ ಕಾವಲಿಲ್ಲ. ಮಂಗನ ಕಾಯಿಲೆಯನ್ನೇ ನೋಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದಂದಿನಿಂದ ಅದರ ಬೆನ್ನು ಹತ್ತಿದವರು ಒಂದೇ ಸಂಸ್ಥೆಯವರಲ್ಲ. ಈಚಿನ 'ಮಂಕಿ ಫೀವರ್ ರಿಸ್ಕ್' ಯೋಜನೆಯಲ್ಲಿ ಬ್ರಿಟನ್ನಿನ ಪರಿಸರ ವಿಜ್ಞಾನಿಗಳು, ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀ, ಪಶುರೋಗ ಸಂಸ್ಥೆ ನಿವೇದಿ, ನಮ್ಮ ಆರೋಗ್ಯ ಇಲಾಖೆ ಒಟ್ಟಾಗಿದ್ದವು. ಅಪಾಯದ ನಕ್ಷೆ ಮಾಡುವಾಗ ಇಲ್ಲಿ ಕೆಲಸ ಮಾಡುವವರನ್ನು ಕೂರಿಸಿಕೊಂಡು ಕೇಳಿದ್ದು ಅದರ ಹೆಚ್ಚುಗಾರಿಕೆ. ಅದೇ ಮರ್ಯಾದೆ ಯಾವ ತಂಡದಲ್ಲಾದರೂ ಅದರೊಳಗಿನ ಕಿರಿಯರಿಗೂ ಸಿಗಲಿ ಎನ್ನುತ್ತೇನೆ. ಕಾಡಿನ ನೆಲದ ಮೇಲೆ ಬಟ್ಟೆ ಎಳೆದು ಈ ಕಾಯಿಲೆ ಹರಡುವ ಉಣುಗು ಹಿಡಿಯುವ ಹುಡುಗಿಗೆ ಯಾರ ಮನೆಯ ದನ ಎಲ್ಲಿ ಮೇಯುತ್ತದೆ, ದರಕು ಗುಡಿಸಲು ಯಾರು ಯಾವ ಹೊತ್ತಿನಲ್ಲಿ ಹೋಗುತ್ತಾರೆ ಎಂಬುದೆಲ್ಲ ಗೊತ್ತಾಗಿಬಿಡುತ್ತದೆ. ಪ್ರಶ್ನಾವಳಿಯಲ್ಲಿ ಆ ಪ್ರಶ್ನೆಯೇ ಇಲ್ಲದಿದ್ದರೆ 'ಸರ್, ಇದೊಂದು ಬಿಟ್ಟುಹೋಗಿದೆ' ಎಂದು ಅವಳು ಯಾವ ಸಭೆಯಲ್ಲಿ ಹೇಳಬೇಕು?

ಸ್ಕಾಲರ್ ಮಾತಾಡಲು ನಿಯಮವೇನೋ ಇದೆ. ಯುಜಿಸಿಯ 2022ರ ಪಿಎಚ್.ಡಿ. ನಿಯಮಾವಳಿಯಂತೆ ಸ್ಕಾಲರ್ ಪ್ರತಿ ಸೆಮಿಸ್ಟರ್ ಸಂಶೋಧನಾ ಸಲಹಾ ಸಮಿತಿಯ ಮುಂದೆ ತನ್ನ ಕೆಲಸ ಮಂಡಿಸಬೇಕು. ಸಮಿತಿಯ ಸಂಚಾಲಕರು ಯಾರು? ಗೈಡ್! ಗೈಡ್ ಮೇಲಿನ ದೂರನ್ನು ಗೈಡ್ ಕರೆದ ಸಭೆಯಲ್ಲಿ ಹೇಳುವಷ್ಟು ಎದೆಗಾರಿಕೆ ಎಷ್ಟು ಮಂದಿಗಿದ್ದೀತು? ಒಳ್ಳೆಯ ಗೈಡ್‌ಗಳು ಬೇಕಾದಷ್ಟಿದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ಒಬ್ಬರ ಒಳ್ಳೆಯತನವನ್ನೇ ನೆಚ್ಚಿಕೊಂಡ ವ್ಯವಸ್ಥೆಗೆ ವ್ಯವಸ್ಥೆ ಎನ್ನಲಾದೀತೇ? ಥೀಸಿಸ್ ಸಲ್ಲಿಸುವ ಮುನ್ನ ಪೇಪರ್ ಪ್ರಕಟಿಸಲೇಬೇಕೆಂಬ ಷರತ್ತನ್ನು ಅದೇ ನಿಯಮಾವಳಿ ಕೈಬಿಟ್ಟಿತು. ದುಡ್ಡು ತೆತ್ತು ಸತ್ವವಿಲ್ಲದ ಜರ್ನಲ್‌ಗಳಲ್ಲಿ ಅಚ್ಚು ಹಾಕಿಸುವ ಚಾಳಿಗೆ ಇದು ಕಡಿವಾಣವಾದರೆ ಸಂತೋಷ. ಆದರೆ 'ನನಗೊಂದು ಪೇಪರ್ ಆಗಲೇಬೇಕು' ಎಂದು ಕೇಳಲು ವಿದ್ಯಾರ್ಥಿಗಿದ್ದ ನೆಪವೂ ಅದರೊಂದಿಗೇ ಹೋಯಿತು.

ಕೃಷಿ ಪದವಿಯ ಕೊನೆಯ ವರ್ಷದ ಮಕ್ಕಳ ಕತೆ ಇನ್ನೊಂದು. ಗ್ರಾಮೀಣ ಕೃಷಿ ಕಾರ್ಯಾನುಭವ ಎಂದು ಹಳ್ಳಿಯಲ್ಲೇ ಉಳಿದು ತೋಟ ಸುತ್ತುತ್ತಾರೆ. ಅಡಿಕೆಯ ಎಲೆಚುಕ್ಕೆ ರೋಗದಿಂದ ಮಲೆನಾಡು ಕಂಗೆಟ್ಟಿರುವಾಗ ಅವರ ನೋಟ್‌ಬುಕ್ಕುಗಳು ಅಂಕಕ್ಕಷ್ಟೇ ಸೀಮಿತವಾಗಬೇಕೇ?

ಖರ್ಚಿಲ್ಲದ ಎರಡು ಕೆಲಸಗಳಿವೆ. ಯೋಜನೆ ಶುರುವಾಗುವ ದಿನವೇ ಯಾರು ಯಾವ ಕೆಲಸ ಮಾಡಿದರೆ ಪೇಪರ್‌ನಲ್ಲಿ ಎಷ್ಟನೆಯ ಹೆಸರು ಎಂದು ಬರೆದು ಎಲ್ಲರೂ ಸಹಿ ಹಾಕುವುದು. ಫೀಲ್ಡ್ ಮಾಡುವವರನ್ನು ಪ್ರಶ್ನಾವಳಿ ಸಿದ್ಧವಾಗುವ ಸಭೆಗೇ ಕರೆಯುವುದು. ಮೂರನೆಯದಕ್ಕೆ ಸ್ವಲ್ಪ ಮನಸ್ಸು ಮಾಡಬೇಕು. ಗೈಡ್ ಜೊತೆ ತಕರಾರಾದ ಸ್ಕಾಲರ್‌ನ ಮಾತು ಕೇಳಲು ಬೇರೆ ವಿಭಾಗದ ಒಬ್ಬ ಅಧ್ಯಾಪಕರನ್ನು ನೇಮಿಸುವುದು. ಶಂಕರಘಟ್ಟದ ವಿಶ್ವವಿದ್ಯಾಲಯಕ್ಕೂ ನವುಲೆಯ ಕೃಷಿ ಕಾಲೇಜಿಗೂ ಇದಕ್ಕಾಗಿ ದೆಹಲಿಯ ಸುತ್ತೋಲೆ ಬರಬೇಕಿಲ್ಲ, ಕುಲಪತಿಗಳ ಒಂದು ಆದೇಶ ಸಾಕು.