ಪರದೇಶದ ರುಚಿಯೂ ಸ್ವದೇಶದ ಸಂಕೋಚವೂ

ಪರದೇಶಕ್ಕೆ ಹೋದ ಈ ಸೀಮೆಯ ತರುಣರು ಅಲ್ಲಿ ಬಾಡಿಗೆಯ ಮೋಟಾರು ಸೈಕಲ್ಲನ್ನೇರಿ ಒಂದು ದಿನದ ಸಂಚಾರ ಮಾಡುವುದೂ, ದಾರಿಯ ಬದಿಯಲ್ಲಿ ಕುಳಿತು ಆ ನಾಡಿನವರು ಉಣ್ಣುವುದನ್ನೇ ಉಂಡು, ಮರಳಿ ಬಂದ ಮೇಲೆ ಬಂಧುಗಳ ಮುಂದೆ ವರ್ಣಿಸುವುದೂ ಈಗ ಅಪೂರ್ವವಾದ ಸಂಗತಿಯಲ್ಲ. ವಿಯೆಟ್ನಾಮಿನವರು ಮುಂಜಾನೆ ಸೇವಿಸುವ ಫೋ ಎಂಬ ಅಕ್ಕಿಶ್ಯಾವಿಗೆಯ ಸಾರಿನ ವಿಷಯವಾಗಿ ಅರ್ಧ ಗಂಟೆ ಮಾತನಾಡಬಲ್ಲವರು ಸಿಂಧನೂರಿನಲ್ಲಿಯೇ ಇದ್ದಾರೆ. ಇದರಲ್ಲಿ ದೋಷವೇನೂ ಇಲ್ಲ. ಹೋದ ಊರಿನ ಅನ್ನವನ್ನು ಆದರಿಸುವುದು ಶಿಷ್ಟರ ಲಕ್ಷಣವೇ ಸರಿ. ಆದರೆ ಅದೇ ತರುಣರು ರಜೆಗೆ ಬಂದು, ಅಂತಹದೇ ವಾಹನದ ಮೇಲೆ ಸಿಂಧನೂರಿನಿಂದ ಮಸ್ಕಿಯ ಮಾರ್ಗವಾಗಿ ಲಿಂಗಸುಗೂರಿಗೆ ಹೊರಟಾಗ ಹೆದ್ದಾರಿಯ ಢಾಬಾದಲ್ಲಿ ಕೇಳುವುದೇನು? ತಂದೂರಿ ರೊಟ್ಟಿ, ಪನೀರು, ಗೋಬಿ ಮಂಚೂರಿ! ವಿವೇಕವು ವಿಮಾನದಲ್ಲಿಯೇ ಉಳಿಯಿತೆಂದು ಹೇಳಬೇಕಷ್ಟೆ.

ಈ ದಾರಿ ಅರುವತ್ತು ಕಿಲೋಮೀಟರಿಗೆ ಮೀರದು. ನಡುವಣ ಮಸ್ಕಿಯಲ್ಲಿ 1915ರಲ್ಲಿ ಸಿ. ಬೀಡನ್ ಎಂಬ ಗಣಿ ಇಂಜಿನಿಯರು ಕಂಡ ಶಾಸನದಲ್ಲಿಯೇ, ದೇವಾನಾಂಪ್ರಿಯನೆಂಬ ಬಿರುದಿನ ಜೊತೆಗೆ ಅಶೋಕನೆಂಬ ಹೆಸರು ಮೊತ್ತಮೊದಲು ವಿದ್ವಾಂಸರಿಗೆ ದೊರೆಯಿತು. ಲಿಂಗಸುಗೂರು ತಾಲ್ಲೂಕಿನಲ್ಲಿ ಮುದಗಲ್ಲಿನ ಕೋಟೆಯುಂಟು, ಹಟ್ಟಿಯ ಚಿನ್ನದ ಗಣಿಯುಂಟು. ತರುಣರು ಇವುಗಳೆದುರು ನಿಂತು ಭಾವಚಿತ್ರ ತೆಗೆಸಿಕೊಳ್ಳದೆ ಇರುವುದಿಲ್ಲ. ಕಲ್ಲಿಗೆ ಸಲ್ಲುವ ಈ ಮರ್ಯಾದೆ ಜೋಳಕ್ಕೆ ಏಕೆ ಸಲ್ಲಬಾರದು?

ಎರೆಭೂಮಿಯ ಹಿಂಗಾರಿ ಬಿಳಿಜೋಳದ ಹಿಟ್ಟಿಗೆ ಕುದಿನೀರು ಹಾಕಿ, ನಾದಿ, ಅಂಗೈಯಿಂದ ಬಡಿದು, ಹಂಚಿನ ಮೇಲೆ ಹಾಕಿ, ಮೇಲ್ಮೈಗೆ ಒದ್ದೆ ಬಟ್ಟೆಯಿಂದ ನೀರು ಸವರಿ ಬೇಯಿಸಿದ ರೊಟ್ಟಿಯು ಉಬ್ಬಿ ಬರುವ ಹೊತ್ತಿನಲ್ಲಿ ಏಳುವ ಕಂಪನ್ನು ಬಲ್ಲವರೇ ಬಲ್ಲರು. ಅದರ ಜೊತೆಗೆ ಬೆಳ್ಳುಳ್ಳಿಯ ಒಗ್ಗರಣೆ ಬಿದ್ದ ಹುಳಿಯಾದ ಪುಂಡಿಪಲ್ಯ, ಶೇಂಗಾದ ಹಿಂಡಿ, ಗುರೆಳ್ಳಿನ ಹಿಂಡಿ, ಎಣ್ಣೆಗಾಯಿ, ಒಂದು ಬಟ್ಟಲು ಗಟ್ಟಿ ಮೊಸರು. ಸಂಕ್ರಾಂತಿಯ ಕಾಲವಾದರೆ ಎಳ್ಳು ಹಚ್ಚಿದ ಸಜ್ಜೆರೊಟ್ಟಿ. ಮುಂಜಾನೆಯ ಹೊತ್ತಾದರೆ ಮಂಡಾಳಿನ ಒಗ್ಗರಣೆ ಮತ್ತು ಬಿಸಿ ಮಿರ್ಚಿ. ಇವು ದೊರೆಯುವುದಿಲ್ಲವೆಂದಲ್ಲ, ಸಣ್ಣ ಖಾನಾವಳಿಗಳಲ್ಲಿ ದೊರೆಯುತ್ತವೆ. ಕೇಳುವವರು ಕಡಮೆಯಾದಂತೆ ಫಲಕದ ಮೇಲಿನ ಅಕ್ಷರಗಳೂ ಬದಲಾಗುತ್ತಿವೆ.

ಅಪರಾಧವೆಲ್ಲ ತರುಣರದೇ ಎನ್ನುವುದು ಅನ್ಯಾಯ. ತುಂಗಭದ್ರೆಯ ಅಣೆಕಟ್ಟು 1953ರಲ್ಲಿ ಸಿದ್ಧವಾಗಿ, ಎಡದಂಡೆಯ ಕಾಲುವೆಯ ನೀರು ಸಿಂಧನೂರಿನ ಹೊಲಗಳಿಗೆ ಹರಿದ ಮೇಲೆ ಭತ್ತವು ಜೋಳವನ್ನು ಬದಿಗೆ ತಳ್ಳಿತು. ಭತ್ತದಿಂದ ಸಾವಿರಾರು ಸಂಸಾರಗಳು ಬದುಕಿದುವು. ಅದನ್ನು ಹಳಿಯುವವನು ಕೃತಘ್ನ. ಆದರೆ ಅಂದಿನ ಹಬ್ಬದ ಅನ್ನವು ದಿನದ ಅನ್ನವಾದರೂ ಅದರ ಪ್ರತಿಷ್ಠೆ ಇಳಿಯಲಿಲ್ಲ, ರೊಟ್ಟಿಯ ಪ್ರತಿಷ್ಠೆ ಏರಲಿಲ್ಲ. ಪರಊರಿನ ಅತಿಥಿ ಬಂದರೆಂದರೆ ಓದಿದ ಮನೆಗಳಲ್ಲಿಯೇ ರೊಟ್ಟಿಯ ಬುಟ್ಟಿಯನ್ನು ಒಳಗಿಟ್ಟು ಪೂರಿ ಕರಿಯುತ್ತಾರೆ. ತಾಯ್ತಂದೆಗಳು ಬಚ್ಚಿಟ್ಟುದನ್ನು ಮಗನು ಢಾಬಾದಲ್ಲಿ ಹೇಗೆ ಕೇಳಿಯಾನು?

ಇಲ್ಲಿ ಪೂರ್ವಪಕ್ಷವೊಂದುಂಟು: ಜೋಳವೇ ಆಫ್ರಿಕದಿಂದ ಬಂದುದು, ಮೆಣಸಿನಕಾಯಿ ಶೇಂಗಾಗಳು ಅಮೆರಿಕದವು, ಸ್ಥಳೀಯವೆಂಬ ಮಾತಿಗೆ ಅರ್ಥವೇನು? ಒಪ್ಪತಕ್ಕ ಮಾತೇ. ಜೋಳಕ್ಕೆ ಸಂಸ್ಕೃತದಲ್ಲಿ ಯಾವನಾಲವೆಂದು ಹೆಸರುಂಟು. ಮೆಣಸಿನಕಾಯಿಯನ್ನಂತೂ ಪ್ರಾಚೀನರು ಕಂಡವರಲ್ಲ. ಬಂದುದು ಎಲ್ಲಿಂದಲೇ ಆಗಲಿ, ಈ ಮಣ್ಣಿನಲ್ಲಿ ಬೆಳೆದು ಈ ಕೈಗಳಲ್ಲಿ ಪಾಕಗೊಂಡುದು ಈ ಸೀಮೆಯದೇ. ಪೂರ್ವಬಂಗಾಳದಿಂದ ನಿರಾಶ್ರಿತರಾಗಿ ಬಂದು ಸಿಂಧನೂರು ತಾಲ್ಲೂಕಿನ ಕ್ಯಾಂಪುಗಳಲ್ಲಿ ನೆಲಸಿದವರ ಮೀನಿನ ಸಾರೂ ಅನ್ನವೂ ಈಗ ಇಲ್ಲಿಯದೇ ಆಗಿವೆ. ಸಂಚಾರಿಯು ಅಲ್ಲಿ ಉಂಡರೂ ಆಕ್ಷೇಪವಿಲ್ಲ. ಯಾವ ಊರಿಗೂ ಸೇರದೆ ಎಲ್ಲ ಹೆದ್ದಾರಿಗಳಲ್ಲಿಯೂ ಒಂದೇ ಕೆಂಪು ಬಣ್ಣದಲ್ಲಿ ತೇಲುವ ಪಲ್ಯಕ್ಕೆ ಮಾತ್ರ ಆಕ್ಷೇಪ.

ರೊಟ್ಟಿಯನ್ನು ಹೊಗಳುವ ಗಂಡಸರಲ್ಲಿ ಅದನ್ನು ಒಮ್ಮೆಯಾದರೂ ಬಡಿದವರು ವಿರಳ ಎಂಬುದನ್ನೂ ಮರೆಮಾಚಬಾರದು. ಹಂಚಿನ ಕಾವಿನ ಮುಂದೆ ಗಂಟೆಗಟ್ಟಲೆ ಕೂರುವ ಹೆಂಗಸಿಗೆ ಢಾಬಾದ ಪನೀರಿಗೆ ಕೊಡುವ ಬೆಲೆಯ ಅರ್ಧವನ್ನೂ ಕೊಡಲೊಲ್ಲದೆ, ಆಕೆಯ ಮಗಳು ಆ ವಿದ್ಯೆಯನ್ನು ಕಲಿಯಲಿಲ್ಲವೆಂದು ಮರುಗುವುದು ಕಪಟವೇ ಹೊರತು ಅಭಿಮಾನವಲ್ಲ.

ವಿನೋದವೇನೆಂದರೆ, ಪರದೇಶಕ್ಕೆ ಹೊರಟ ಮಗನ ಪೆಟ್ಟಿಗೆಯಲ್ಲಿ ತಾಯಿಯು ಖಡಕ್ ರೊಟ್ಟಿಯನ್ನೂ ಶೇಂಗಾಹಿಂಡಿಯನ್ನೂ ತಪ್ಪದೆ ಇಡುತ್ತಾಳೆ. ಅವನು ಅಲ್ಲಿ ಬಾಗಿಲು ಮುಚ್ಚಿಕೊಂಡು ಒಂದೊಂದೇ ಚೂರನ್ನು ಎಣಿಸಿ ತಿನ್ನುತ್ತಾನೆ. ಆ ಹಸಿವನ್ನು ಅವನು ಮಸ್ಕಿಯವರೆಗೆ ಕಾದಿರಿಸಿಕೊಂಡು ಬಂದು ಯಾವುದಾದರೂ ಖಾನಾವಳಿಯ ಮುಂದೆ ವಾಹನವನ್ನು ನಿಲ್ಲಿಸಲಿ. ಹಂಚು ಕಾಯುವವರೆಗೆ ಹತ್ತು ನಿಮಿಷ ಕುಳಿತಿರಬೇಕಾದೀತು.